ಪದ್ಮಿನಿಯ ಗೇರ್‌ಬಾಕ್ಸ್ ಇಳಿಸುವ ಮೊದಲು

ಮೈಸೂರು

ಚಿ. ಮೇಘನಾ,

ನಿನ್ನ ಕಾಗದ ಬಂತು. 1978ರ ಪ್ರೀಮಿಯರ್ ಪದ್ಮಿನಿ ಕೊಂಡಿದ್ದೀ ಎಂದು ಓದಿ ಬಹಳ ಸಂತೋಷವಾಯಿತು. ಎರಡು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಗಾಡಿ, ರಿವರ್ಸ್ ಹಾಕಿದರೆ ಕರಕರ ಅನ್ನುತ್ತದೆ, ಎರಡನೇ ಗೇರು ಜಾರಿ ನ್ಯೂಟ್ರಲ್ಲಿಗೆ ಬೀಳುತ್ತದೆ, ಹೆಡ್‌ಲೈಟು ಮಂಕು, ಬೆಳಗಾದರೆ ಬ್ಯಾಟರಿ ಸತ್ತಿರುತ್ತದೆ. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಬೇಕು, ವೈರಿಂಗ್ ಕಿಟ್ ಪೂರ್ತಿ ಹೊಸದು ಹಾಕಬೇಕು ಅಂದರಂತೆ. ಎರಡಕ್ಕೂ ಈಗಲೇ ಹೂಂ ಅನ್ನಬೇಡ ಪುಟ್ಟಿ. ಹಳೇ ಗಾಡಿ ಮನೆಗೆ ತಂದುಕೊಂಡು ಇದೇ ಮಾತು ಕೇಳಿಸಿಕೊಂಡವರು ಇನ್ನೂ ಎಷ್ಟೋ ಜನ ಇದ್ದಾರೆ. ಅವರಿಗೂ ಸಿಗಲಿ ಎಂದು ಈ ಉತ್ತರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಕಾಯಿಲೆ ಗೊತ್ತಾಗದೆ ಹೊಟ್ಟೆ ಕುಯ್ಯಬಾರದು. ನಲವತ್ತೈದು ವರ್ಷ ದಾಟಿದ ಗಾಡಿಯ ಒಂದು ನಟ್ಟು ಬಿಚ್ಚಿದರೆ ಪಕ್ಕದ ಎರಡು ಸಡಿಲವಾಗುತ್ತವೆ. ಸರಿ ಇದ್ದದ್ದನ್ನು ಬಿಚ್ಚಿ ಕೆಡಿಸಿದ ಗಾಡಿಗಳು, ನಿಜವಾಗಿ ಕೆಟ್ಟ ಗಾಡಿಗಳಿಗಿಂತ ಹೆಚ್ಚು ಕಾಲ ಗ್ಯಾರೇಜಿನಲ್ಲಿ ಕೊಳೆಯುತ್ತವೆ.

ಮೊದಲು ಕರೆಂಟಿನ ಕಡೆ ನೋಡು. ಒಂದು ಮಲ್ಟಿಮೀಟರ್ ಕೊಂಡುಕೋ, ಸಾಧಾರಣದ್ದೇ ಸಾಕು. ರಾತ್ರಿಯೆಲ್ಲ ನಿಂತ ಒಳ್ಳೆಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಆಮೇಲೆ ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ ಗೂಟದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹದ ಮೇಲೆ ಇಟ್ಟು, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತಿಂಗ್ ಕೆಟ್ಟಿದೆ. ಎಂಜಿನ್ನೂ ಗೇರ್‌ಬಾಕ್ಸೂ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತವೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಬಾಡಿಗೂ ಎಂಜಿನ್ನಿಗೂ ನಡುವೆ ತಾಮ್ರದ ಎಳೆ ಹೆಣೆದ ಒಂದು ಪಟ್ಟಿ ಇರುತ್ತದಲ್ಲ, ಸೆಲ್ಫ್ ಎಳೆಯುವ ಅಷ್ಟೂ ಕರೆಂಟು ಅದರಲ್ಲೇ ವಾಪಸಾಗಬೇಕು.

ಈ ಪಟ್ಟಿಯ ವಿಷಯ ಒತ್ತಿ ಹೇಳುವುದಕ್ಕೆ ಕಾರಣವಿದೆ. ಗೇರ್‌ಬಾಕ್ಸ್ ಇಳಿಸಿ ಏರಿಸಿದಾಗ ಮೆಕ್ಯಾನಿಕ್ ಮರೆಯುವ ಮೊದಲ ವಸ್ತು ಅದೇ. ಪಟ್ಟಿ ಇಲ್ಲದಿದ್ದರೂ ಗಾಡಿ ಕೆಲವೊಮ್ಮೆ ಸ್ಟಾರ್ಟ್ ಆಗಿಬಿಡುತ್ತದೆ. ಕರೆಂಟು ಚೋಕ್ ಕೇಬಲ್ಲನ್ನೋ ಆಕ್ಸಿಲರೇಟರ್ ಕೇಬಲ್ಲನ್ನೋ ದಾರಿ ಮಾಡಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಚೋಕಿನ ಗುಬುಟು ಮುಟ್ಟಿದರೆ ಬೆರಳು ಚುರುಕ್ಕೆನ್ನುತ್ತದೆ, ಕೇಬಲ್ಲಿನ ಹೊದಿಕೆ ಕರಗಿದ ವಾಸನೆ ಬರುತ್ತದೆ. ನೋಡಿದವರು ವೈರಿಂಗ್ ಸುಟ್ಟಿತು ಅಂದುಕೊಂಡು ಕಿಟ್ ಬದಲಾಯಿಸುತ್ತಾರೆ. ಬೇಕಿದ್ದದ್ದು ಒಂದು ಪಟ್ಟಿ, ಎರಡು ಬೋಲ್ಟು, ತುಕ್ಕು ಕೆರೆಯಲು ಒಂದು ಚೂರು ಎಮರಿ ಪೇಪರು. ನಿನ್ನ ಗಾಡಿಯಲ್ಲಿ ಅದು ಇದೆಯೋ ಇಲ್ಲವೋ, ಇದ್ದರೆ ಹಸಿರು ಕಿಲುಬು ಹಿಡಿದಿದೆಯೋ, ಬಗ್ಗಿ ನೋಡು.

ಹೆಡ್‌ಲೈಟಿನ ಮಂಕುತನಕ್ಕೂ ಮೀಟರೇ ಸಾಕ್ಷಿ. ಎಂಜಿನ್ ನಿಲ್ಲಿಸಿ ಲೈಟ್ ಹಾಕಿ ಬ್ಯಾಟರಿಯ ಗೂಟದಲ್ಲಿ ಒಮ್ಮೆ, ಬಲ್ಬಿನ ಹೋಲ್ಡರಿನಲ್ಲಿ ಒಮ್ಮೆ ಅಳೆ. ಬ್ಯಾಟರಿಯಲ್ಲಿ 12 ಇದ್ದು ಬಲ್ಬಿಗೆ 10.5 ಮಾತ್ರ ಬಂದರೆ, ಕಾಲುವೆ ನೀರು ಕೊನೇ ಗದ್ದೆಗೆ ತಲುಪದ ಹಾಗೆ ದಾರಿಯಲ್ಲೇ ಸೋರಿದೆ ಎಂದು ಅರ್ಥ. ಬಲ್ಬಿಗೆ ಹತ್ತನೇ ಒಂದು ಭಾಗ ವೋಲ್ಟೇಜು ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30ರಷ್ಟು ಕುಸಿಯುತ್ತದೆ. ಇಂಥ ಹೊತ್ತಿನಲ್ಲಿ ಅಂಗಡಿಯವರು 100/90 ವ್ಯಾಟಿನ ಬಲ್ಬು ಕೊಡುತ್ತಾರೆ. ಖಂಡಿತ ತೆಗೆದುಕೊಳ್ಳಬೇಡ. ಅಂಥ ಎರಡು ಬಲ್ಬು ಹೈ ಬೀಮಿನಲ್ಲಿ 16 ಆಂಪಿಯರಿಗೂ ಹೆಚ್ಚು ಎಳೆಯುತ್ತವೆ, ಹಳೇ ಸ್ವಿಚ್ಚು ತಡೆಯುವುದಿಲ್ಲ. ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರೊಂದನ್ನು ಎಳೆದು, ಹೈ ಬೀಮಿಗೊಂದು ಲೋ ಬೀಮಿಗೊಂದು ರಿಲೇ ಹಾಕಿಸು. ಆಗ ಸ್ವಿಚ್ಚಿನ ಪಾಲಿಗೆ ರಿಲೇ ಎಬ್ಬಿಸುವಷ್ಟು ಕರೆಂಟು ಮಾತ್ರ ಬರುತ್ತದೆ, ಇರುವ ಬಲ್ಬೇ ಕಣ್ಣು ಕುಕ್ಕುವ ಹಾಗೆ ಉರಿಯುತ್ತದೆ.

ಬ್ಯಾಟರಿ ರಾತ್ರೋರಾತ್ರಿ ಇಳಿಯುವುದಕ್ಕೆ ಬೇರೆ ಪರೀಕ್ಷೆ. ಎಲ್ಲ ಸ್ವಿಚ್ಚೂ ಆಫ್ ಮಾಡಿ, ಮೈನಸ್ ವೈರು ಬಿಚ್ಚಿ, ಗೂಟಕ್ಕೂ ವೈರಿಗೂ ನಡುವೆ ಮೀಟರನ್ನು ಆಂಪಿಯರಿನಲ್ಲಿಟ್ಟು ಸೇರಿಸು. ಮೀಟರು ಹೀಗಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು. ಗಡಿಯಾರವಾಗಲಿ ಸ್ಟೀರಿಯೋ ಆಗಲಿ ಇಲ್ಲದ ಗಾಡಿಯಲ್ಲಿ ಸೊನ್ನೆ ಬರಬೇಕು. ಬರದಿದ್ದರೆ ಒಂದೊಂದೇ ಫ್ಯೂಸು ತೆಗೆಯುತ್ತಾ ಹೋಗು, ಯಾವುದು ತೆಗೆದಾಗ ಸೊನ್ನೆಗಿಳಿಯುತ್ತದೋ ಅಲ್ಲಿ ಕಳ್ಳ. ಎಲ್ಲ ತೆಗೆದರೂ ಇಳಿಯದಿದ್ದರೆ ಡೈನಮೋ ಮೇಲೆ ಕೈಯಿಡು. ತಾಸುಗಟ್ಟಲೆ ನಿಂತ ಗಾಡಿಯ ಡೈನಮೋ ಬೆಚ್ಚಗಿದ್ದರೆ, ಅದನ್ನು ಬ್ಯಾಟರಿಗೆ ಸೇರಿಸಿ ಬಿಡಿಸುವ ಕಟೌಟಿನ ಪಾಯಿಂಟು ಅಂಟಿಕೊಂಡಿದೆ, ಬ್ಯಾಟರಿ ಡೈನಮೋವನ್ನು ತಿರುಗಿಸಲು ನೋಡುತ್ತಿದೆ. ಎಂಜಿನ್ ನಿಧಾನಕ್ಕೆ ತಿರುಗುವಾಗ ಡೈನಮೋ ಚಾರ್ಜ್ ಮಾಡುವುದಿಲ್ಲ, ಐಡ್ಲಿಂಗ್‌ನಲ್ಲಿ ಕೆಂಪು ದೀಪ ಮಿನುಗಿದರೆ ಅದು ರೋಗವಲ್ಲ. ಎಂಜಿನ್ ಸ್ವಲ್ಪ ಏರಿಸಿದಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟು ಕಾಣಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಾ ಓಡಿಸುವೆಯಾದರೆ ಆಲ್ಟರ್ನೇಟರ್ ಹಾಕಿಸು ಎಂದೇ ನನ್ನ ಮಾತು. ಹಳೇ ಡೈನಮೋ, ಕಟೌಟು ಎರಡನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟುಕೋ.

(ಅಂಬಾಸಿಡರ್, ಮಾರಿಸ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಹಳೇ ಕಾಲದ ಎಷ್ಟೋ ಇಂಗ್ಲಿಷ್ ಮೂಲದ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಕಡೆ ಬಾಡಿಗೆ ಸೇರಿರುತ್ತಿತ್ತು. ಬ್ಯಾಟರಿ ಕೂರಿಸುವ ಮುಂಚೆ ನೋಡಿಕೊಳ್ಳಿ.)

ಇನ್ನು ಗೇರು. ರಿವರ್ಸಿನ ಕರಕರ ಹೆಚ್ಚಿನ ಸಲ ಗೇರ್‌ಬಾಕ್ಸಿನದ್ದಲ್ಲ, ಕ್ಲಚ್ಚಿನದು. ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು ಕ್ಲಚ್ ಪೂರ್ತಿ ಒತ್ತಿ, ಐದಾರು ಸೆಕೆಂಡು ಬಿಟ್ಟು ರಿವರ್ಸ್ ಹಾಕು. ಆಗಲೂ ಕಿರುಚಿದರೆ ಪ್ಲೇಟು ಬಿಡುತ್ತಿಲ್ಲ. ಬಹಳ ದಿನ ನಿಂತ ಗಾಡಿಯಲ್ಲಿ ಪ್ಲೇಟು ಫ್ಲೈವೀಲಿಗೆ ತುಕ್ಕು ಹಿಡಿದು ಅಂಟುವುದುಂಟು. ಪೆಡಲಿನ ಆಟ ಸರಿಮಾಡಿ ನಾಲ್ಕು ದಿನ ಓಡಿಸಿದರೆ ಕೆಲವೊಮ್ಮೆ ತಾನೇ ಬಿಡುತ್ತದೆ. ಗಾಡಿ ಓಡುವಾಗಲೇ ಗೇರು ಸದ್ದಿಲ್ಲದೆ ಕೂರುವಂತೆ ಮಾಡುವ ಸಿಂಕ್ರೊಮೆಶ್ ಮೊದಲನೇ ಗೇರಿಗೆ ಇಲ್ಲ ಎಂಬುದು ತಲೆಯಲ್ಲಿರಲಿ. ಗಾಡಿ ಪೂರ್ತಿ ನಿಂತ ಮೇಲೆಯೇ ಅದನ್ನು ಹಾಕಬೇಕು.

ಎರಡನೇ ಗೇರು ಜಾರುವುದಕ್ಕೆ ಸ್ಟೀರಿಂಗ್ ಪಕ್ಕದ ಗೇರು ಕಡ್ಡಿಯಿಂದಲೇ ಶುರುಮಾಡು. ಕಡ್ಡಿಯಿಂದ ಗೇರ್‌ಬಾಕ್ಸಿನವರೆಗೆ ರಾಡುಗಳು, ಅವುಗಳ ಕೀಲಿಗೆ ಬುಷ್ಷುಗಳು. ಬುಷ್ ಸವೆದರೆ ಗೇರು ಅರ್ಧ ಮಾತ್ರ ಕೂರುತ್ತದೆ, ಅರ್ಧ ಕೂತದ್ದು ಜಾರದೆ ಏನಾದೀತು? ಒಬ್ಬರು ಕಡ್ಡಿ ಅಲ್ಲಾಡಿಸಲಿ, ನೀನು ಬಾನೆಟ್ ಎತ್ತಿ ನೋಡು, ಯಾವ ಕೀಲು ಲೊಡಲೊಡ ಅನ್ನುತ್ತದೆಂದು ಕಣ್ಣಿಗೇ ಕಾಣುತ್ತದೆ. ಬುಷ್ಷನ್ನು ಲೇತ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಆಮೇಲೆ ಮೌಂಟಿನ ರಬ್ಬರ್ ನೋಡು. ಸದ್ದನ್ನೂ ಕಿವಿಗೊಟ್ಟು ಕೇಳು. ನ್ಯೂಟ್ರಲ್ಲಿನಲ್ಲಿ ಗುಂಯ್ ಅಂದು ಕ್ಲಚ್ ಒತ್ತಿದರೆ ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗು, ಒತ್ತಿದಾಗ ಮಾತ್ರ ಬಂದರೆ ಕ್ಲಚ್ ಬೇರಿಂಗು, ಹೊರಡುವಾಗ ಅಡಿಯಿಂದ ಟಕ್ ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು.

ಇಷ್ಟಾದರೂ ಜಾರಿದರೆ, ಗಾಡಿ ಸ್ವಲ್ಪ ಓಡಿಸಿ ಬಿಸಿ ಇರುವಾಗಲೇ ಗೇರ್ ಆಯಿಲ್ಲನ್ನು ಸ್ಟೀಲ್ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿ. ಅಡಿಯಲ್ಲಿ ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ಅದು ವಯಸ್ಸಿನ ಸವೆತ. ಹಳದಿಯಾಗಿ ಮಿಣಮಿಣ ಹೊಳೆದರೆ ಸಿಂಕ್ರೊಮೆಶ್‌ನ ಹಿತ್ತಾಳೆ ರಿಂಗು ಸವೆಯುತ್ತಿದೆ. ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ಹಲ್ಲು ಮುರಿದಿದೆ, ಆಗ ಇಳಿಸಲೇಬೇಕು. ಹೊಸ ಆಯಿಲ್ ಕೊಳ್ಳುವಾಗ ಗಾಡಿಯ ಪುಸ್ತಕ ಹೇಳಿದ ಗ್ರೇಡನ್ನೇ ಕೇಳು. ಡಬ್ಬಿಯ ಮೇಲಿನ ಜಿಎಲ್-4, ಜಿಎಲ್-5 ನೋಡದೆ ತರಬೇಡ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಕೆಲವು ಆಯಿಲ್ಲುಗಳಲ್ಲಿ ಅದು ಹಿತ್ತಾಳೆ ರಿಂಗನ್ನು ತಿನ್ನುತ್ತದೆ.

ಇಳಿಸುವುದೇ ಆದರೆ ಸಾಮಾನಿನ ಚಿಂತೆ ಬೇಡ, ಆದರೆ ತಡಮಾಡಬೇಡ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಟ್ಯಾಕ್ಸಿಗಳು ಓಡುವವರೆಗೆ ಹರಿದು ಬರುತ್ತಿದ್ದ ಬಿಡಿಭಾಗ ಇನ್ನು ತೆಳುವಾಗುತ್ತಲೇ ಹೋಗುತ್ತದೆ. ಬೇರಿಂಗಿಗೆ ಮಾತ್ರ ಕಾರಿನ ಹೆಸರೇ ಬೇಡ. ಅಂಚಿನಲ್ಲಿ ಕೊರೆದ ನಂಬರು ಓದು. 6205 ಎಂದಿದ್ದರೆ ಯಾವ ದೇಶದಲ್ಲೂ ಒಳಗಿನ ಅಳತೆ 25, ಹೊರಗಿನದು 52, ದಪ್ಪ 15 ಮಿಲಿಮೀಟರ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಂಬರು ಹೇಳಿ ಕೊಳ್ಳಬಹುದು. ಗೇರು, ಸಿಂಕ್ರೊ ರಿಂಗುಗಳಿಗೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗು.

ಪದ್ಮಿನಿಯ ಗೇರ್‌ಬಾಕ್ಸ್ ಬಿಚ್ಚಿ ಗೊತ್ತಿರುವ ಹಿರಿಯ ಮೇಸ್ತ್ರಿಯನ್ನು ಹುಡುಕು, ಎಲೆಕ್ಟ್ರಿಕಲ್ ಕೆಲಸಕ್ಕೆ ಬೇರೆಯವರನ್ನು. ಇಬ್ಬರಿಗೂ ಒಂದೇ ದಿನ ಗಾಡಿ ಕೊಡಬೇಡ. ಯಾರ ಕೈಯಲ್ಲಿ ಏನು ಬದಲಾಯಿತು ಎಂಬುದು ಕೊನೆಗೆ ಯಾರಿಗೂ ತಿಳಿಯುವುದಿಲ್ಲ. ಬಿಚ್ಚುವ ಮುಂಚೆ ಪ್ರತಿ ವೈರಿಗೂ ಚೀಟಿ ಕಟ್ಟಿ ಫೋಟೋ ತೆಗೆದುಕೋ. ತೆಗೆದ ಹಳೇ ಸಾಮಾನು ವಾಪಸ್ ಬೇಕೆಂದು ಮೊದಲೇ ವಿನಯವಾಗಿ ಹೇಳು. ಕೂಲಿಯಲ್ಲಿ ಮಾತ್ರ ಚೌಕಾಸಿ ಬೇಡ. ಈ ಕೈಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ, ಅವರ ಬೆವರಿಗೆ ತಕ್ಕದ್ದು ಸಿಕ್ಕರೆ ತಾನೇ ಮಗನಿಗೋ ಶಿಷ್ಯನಿಗೋ ಕಲಿಸಿಯಾರು?

ಈ ಭಾನುವಾರ ಅರ್ತಿಂಗ್, ಹೆಡ್‌ಲೈಟ್, ಡೈನಮೋ ಮೂರನ್ನೂ ಅಳೆದು ಅಂಕಿ ಬರೆದು ಕಳಿಸು. ಕ್ಲಚ್ಚಿನ ಪರೀಕ್ಷೆ ಏನು ಹೇಳಿತು ಅನ್ನುವುದನ್ನೂ ಬರೆ. ಗೇರ್‌ಬಾಕ್ಸಿನ ವಿಷಯ ಆಮೇಲೆ ತೀರ್ಮಾನಿಸೋಣ.

ಇತಿ,
ನಿನ್ನ ದೊಡ್ಡಪ್ಪ