ಕುತ್ತಿಗೆಯ ಗಂಟು

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ತಂಗಿ ಬರುತ್ತಾಳೆ. ಕೂಲಿ ಮಾಡಿ ಬದುಕುವವಳು. ಹೋದ ವರ್ಷ ಅವಳ ಕುತ್ತಿಗೆಯಲ್ಲಿ ಗಂಟುಗಳು ಎದ್ದವು. ಬಿಟ್ಟು ಬಿಟ್ಟು ಜ್ವರ. ಬೆಳಿಗ್ಗೆ ಎದ್ದರೆ ಬೆರಳ ಗೆಣ್ಣು ನೋವು. ತಲೆಗೂದಲೂ ಉದುರಿತು.

"ಇದು ಟಿ.ಬಿ.ನೇ" ಅಂದರು ನೆರೆಯವರು. ಅತ್ತೆ ಅವಳ ತಟ್ಟೆ, ಲೋಟ ಬೇರೆ ಇಟ್ಟರು. ಮಗುವನ್ನು ಹತ್ತಿರ ಬಿಡಲಿಲ್ಲ. "ಗಂಟಿಗೆ ಬರೆ ಹಾಕಿಸು" ಅಂದರು ಇನ್ನೊಬ್ಬರು. ತಂಗಿ ಅಳುತ್ತಾ ನನ್ನ ಹತ್ತಿರ ಬಂದಳು. ಇಬ್ಬರೂ ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಹೇಳಿದರು: "ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಸಣ್ಣ ಸಣ್ಣ ಗ್ರಂಥಿಗಳಿವೆ. ಇವು ಮೈಯ ಕಾವಲು ಚೌಕಿಗಳು. ರೋಗಾಣು ಬಂದರೆ ಹೋರಾಡುತ್ತವೆ. ಆಗ ಊದುತ್ತವೆ. ಹಲ್ಲು, ಗಂಟಲು ನೋವಿಗೂ ಊದಬಹುದು. ಟಿ.ಬಿ., ಕ್ಯಾನ್ಸರಿನಿಂದಲೂ ಊದಬಹುದು. ಪರೀಕ್ಷೆ ಮಾಡದೆ ಹೇಳಬಾರದು."

ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ರಕ್ತ, ಮೂತ್ರ ನೋಡಿದರು. ಟಿ.ಬಿ. ಇರಲಿಲ್ಲ. ಲೂಪಸ್ ಎಂಬ ಕಾಯಿಲೆ ಇತ್ತು.

ಲೂಪಸ್ ಅಂದರೆ ಏನು? ಕಾವಲುಗಾರ ಕಳ್ಳನನ್ನು ಹಿಡಿಯಬೇಕು. ಅವನು ಮನೆಯವರನ್ನೇ ಹೊಡೆದರೆ? ಹಾಗೆಯೇ ಇಲ್ಲಿ ಮೈಯ ರಕ್ಷಣಾ ಶಕ್ತಿ ಮೈಗೇ ತಿರುಗಿ ಬೀಳುತ್ತದೆ. ಈ ಕಾಯಿಲೆ ಇರುವ 10 ಜನರಲ್ಲಿ ಸುಮಾರು 9 ಜನ ಹೆಂಗಸರು. ಹೆಚ್ಚಾಗಿ 15ರಿಂದ 45 ವಯಸ್ಸಿನವರು. ಕೆನ್ನೆ, ಮೂಗಿನ ಮೇಲೆ ಕೆಂಪು ಮಚ್ಚೆ, ಬಾಯಿಹುಣ್ಣು ಬರಬಹುದು. ಮೂತ್ರಪಿಂಡ ಕೆಟ್ಟರೆ ಕಾಲು, ಮುಖ ಊದುತ್ತವೆ.

ಇದು ಅಂಟುರೋಗ ಅಲ್ಲ. ಪೂರ್ತಿ ಹೋಗುವುದಿಲ್ಲ. ಆದರೆ ಗುಳಿಗೆಯಿಂದ ಹತೋಟಿಗೆ ಬರುತ್ತದೆ. ಗುಳಿಗೆಯನ್ನು ನಾವಾಗಿ ನಿಲ್ಲಿಸಬಾರದು. ಬಸಿರಾಗುವ ಮೊದಲು ಡಾಕ್ಟರನ್ನು ಕೇಳಬೇಕು. ಬಿಸಿಲು ಆಗದು.

ಕೂಲಿಯವಳಿಗೆ ಬಿಸಿಲು ತಪ್ಪುತ್ತದೆಯೇ? ತಂಗಿ ಈಗ ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಡುತ್ತಾಳೆ. ತಲೆಗೆ ಬಟ್ಟೆ ಕಟ್ಟುತ್ತಾಳೆ. ಮಧ್ಯಾಹ್ನ ನೆರಳಿನ ಕೆಲಸ ಕೇಳಿ ಪಡೆಯುತ್ತಾಳೆ. ಗುಳಿಗೆ ಚೀಟಿಯನ್ನು ತಾನೇ ಓದುತ್ತಾಳೆ. ಗಂಟು ಇಳಿದಿದೆ. ಮಗು ಅವಳ ಮಡಿಲಲ್ಲೇ ಮಲಗುತ್ತದೆ.

ನೆನಪಿಡಿ, ಅಕ್ಕಂದಿರೇ:
ಗಂಟು 2-3 ವಾರವಾದರೂ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ. ಗಂಟು ಗಟ್ಟಿಯಾಗಿದ್ದರೆ, ಬೆಳೆಯುತ್ತಿದ್ದರೆ, ಮೈ ಇಳಿಯುತ್ತಿದ್ದರೆ ತಡ ಮಾಡಬೇಡಿ.
ಬರೆ ಹಾಕಿಸಬೇಡಿ. ಕುಯ್ಯಬೇಡಿ.
ಟಿ.ಬಿ. ಆಗಿದ್ದರೂ ಹೆದರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಉಚಿತ. ತಟ್ಟೆ, ಲೋಟದಿಂದ ಟಿ.ಬಿ. ಕೂಡ ಹರಡುವುದಿಲ್ಲ.

ಓದಿ, ಉತ್ತರ ಹೇಳಿ:
1. ಕುತ್ತಿಗೆಯ ಗ್ರಂಥಿ ಯಾಕೆ ಊದುತ್ತದೆ?
2. ತಂಗಿಯ ತಟ್ಟೆ ಬೇರೆ ಇಟ್ಟಿದ್ದು ಸರಿಯೇ?
3. ಬರೆಯಿರಿ: ಗಂಟು, ಗ್ರಂಥಿ, ಪರೀಕ್ಷೆ, ಗುಳಿಗೆ.