ಹೃದಯದ ಗೆರೆ, ಮೆದುಳಿನ ಗಳಿಗೆ

ಹೃದಯವು ಮಿಡಿಯುವಾಗ ಅದರ ಸ್ನಾಯುಗಳಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಹರಿಯುತ್ತದೆ. ಅದನ್ನು ಸ್ಪಷ್ಟವಾದ ಗೆರೆಯಾಗಿ ದಾಖಲಿಸುವ ಯಂತ್ರವನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಿರ್ಮಿಸಿದವರು ಹಾಲೆಂಡಿನ ಲೈಡನ್ ನಗರದ ವಿಜ್ಞಾನಿ ವಿಲ್ಲೆಮ್ ಐಂತೊವೆನ್. ರೋಗಿಯು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕಾಗಿತ್ತು. ಯಂತ್ರವನ್ನು ನಡೆಸಲು ಐದು ಮಂದಿ ಬೇಕಾಗಿತ್ತು. ಅಂಥ ಭಾರಿ ಯಂತ್ರವನ್ನು ರೋಗಿಯ ಬಳಿಗೆ ಒಯ್ಯುವಂತಿರಲಿಲ್ಲ. ಆದುದರಿಂದ 1905ರಲ್ಲಿ ಐಂತೊವೆನ್ನರು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಿಂದ ತಮ್ಮ ಪ್ರಯೋಗಶಾಲೆಗೆ ದೂರವಾಣಿಯ ತಂತಿಯ ಮೂಲಕ ಹೃದಯದ ಸಂಕೇತಗಳನ್ನೇ ತರಿಸಿಕೊಂಡರು! 1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಲಭಿಸಿತು.

ಆ ಯಂತ್ರವು ಇಂದು ಕೈಯಲ್ಲಿ ಹಿಡಿದೊಯ್ಯಬಹುದಾದ ಪೆಟ್ಟಿಗೆಯಾಗಿದೆ. 1966ರಲ್ಲಿ ಬೆಲ್‌ಫಾಸ್ಟಿನ ವೈದ್ಯ ಫ್ರಾಂಕ್ ಪ್ಯಾಂಟ್ರಿಜ್ ಹೃದ್ರೋಗಿಯ ಮನೆಬಾಗಿಲಿಗೇ ಚಿಕಿತ್ಸೆಯನ್ನು ಕೊಂಡೊಯ್ಯುವ ಆಂಬುಲೆನ್ಸನ್ನು ಆರಂಭಿಸಿದರು. ಎದೆನೋವಿನ ರೋಗಿಗೆ ಸ್ಥಳದಲ್ಲಿಯೇ ತೆಗೆದ ಇ.ಸಿ.ಜಿ.ಯಿಂದ ಆಗುವ ಉಪಕಾರ ಅಪಾರವಾದುದು. ಹಾಗಾದರೆ ಪಾರ್ಶ್ವವಾಯುವಿನ ಶಂಕೆಯಿರುವ ರೋಗಿಗೂ ಅದನ್ನು ಅಲ್ಲಿಯೇ ತೆಗೆಯಬಾರದೇಕೆ?

ಪ್ರಶ್ನೆ ಸಹಜವಾದುದೇ. ಹೃದಯದ ಮೇಲಿನ ಕೋಣೆಗಳು ಲಯತಪ್ಪಿ ಅದುರತೊಡಗಿದರೆ ರಕ್ತವು ಅಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿನ ರಕ್ತನಾಳಕ್ಕೆ ಸೇರಿ ದಾರಿಯನ್ನು ಮುಚ್ಚಬಹುದು. ಇಂಥವರಿಗೆ ಪಾರ್ಶ್ವವಾಯುವಿನ ಅಪಾಯ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಈ ಲಯಭಂಗವನ್ನು ಇ.ಸಿ.ಜಿ. ತೋರಿಸಿಕೊಡುತ್ತದೆ.

ಆದರೆ ಮೆದುಳಿಗೆ ಕಾಯುವ ಶಕ್ತಿಯಿಲ್ಲ. ದೊಡ್ಡ ರಕ್ತನಾಳ ಮುಚ್ಚಿಕೊಂಡಾಗ ನಿಮಿಷವೊಂದಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಅಮೆರಿಕದ ವೈದ್ಯರೊಬ್ಬರು ಲೆಕ್ಕಹಾಕಿದರು. ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಕೊಡುವ ಮೊದಲು ಮೆದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಸ್ಕ್ಯಾನಿನಿಂದ ಖಚಿತಪಡಿಸಿಕೊಳ್ಳಬೇಕು. ಆ ಯಂತ್ರವಿರುವುದು ಆಸ್ಪತ್ರೆಯಲ್ಲಿ.

ಪೂರ್ಣ ಇ.ಸಿ.ಜಿ. ತೆಗೆಯಲು ರೋಗಿಯ ಎದೆಯನ್ನು ತೆರೆದು, ಕೈಕಾಲುಗಳೂ ಸೇರಿದಂತೆ ಹತ್ತು ಕಡೆ ಪಟ್ಟಿಗಳನ್ನಂಟಿಸಿ, ಆತನು ಅಲುಗಾಡದಂತೆ ನೋಡಿಕೊಳ್ಳಬೇಕು. ಮಾತು ತೊದಲುತ್ತ, ಗಾಬರಿಗೊಂಡಿರುವ ವೃದ್ಧನನ್ನು ನಿಶ್ಚಲವಾಗಿರಿಸುವುದು ಸುಲಭವೇ? ಐದು ನಿಮಿಷ ಕಳೆದರೆ, ಮೇಲಿನ ಲೆಕ್ಕದಂತೆ 95 ಲಕ್ಷ ಕೋಶಗಳು. ಇಷ್ಟಾಗಿ ಲಯಭಂಗವು ಕಂಡುಬಂದರೂ ಆ ಕ್ಷಣದ ಚಿಕಿತ್ಸೆ ಬದಲಾಗುವುದಿಲ್ಲ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆಯ ಪ್ರಮಾಣವನ್ನು ನೋಡುವ ಪರೀಕ್ಷೆಯ ಮಾತೇ ಬೇರೆ. ರಕ್ತದಲ್ಲಿ ಸಕ್ಕರೆ ತೀರ ಇಳಿದಾಗಲೂ ಪಾರ್ಶ್ವವಾಯುವಿನಂಥ ಲಕ್ಷಣಗಳೇ ತೋರಬಹುದು. ಅದನ್ನು ಅಲ್ಲಿಯೇ ಸರಿಪಡಿಸಬಹುದು.

ಇನ್ನೊಂದು ತೊಡಕೂ ಉಂಟು. ಮೆದುಳಿನ ಆಘಾತವು, ಅದರಲ್ಲಿಯೂ ರಕ್ತಸ್ರಾವವು, ಹೃದಯದ ಗೆರೆಯನ್ನೇ ಬದಲಿಸಿ ಹೃದಯಾಘಾತದ ಭ್ರಮೆಯನ್ನು ಹುಟ್ಟಿಸಬಲ್ಲದು. ಲಂಡನ್ ನಗರದಲ್ಲಿ 2010ರಿಂದ ಪಾರ್ಶ್ವವಾಯುವಿನ ತುರ್ತು ಚಿಕಿತ್ಸೆಯನ್ನು ಎಂಟು ಆಸ್ಪತ್ರೆಗಳಲ್ಲಿ ಕೇಂದ್ರೀಕರಿಸಲಾಯಿತು. ಹೃದಯಾಘಾತದ ರೋಗಿಗಳು ಹೃದ್ರೋಗ ಕೇಂದ್ರಗಳಿಗೆ ಹೋಗುತ್ತಾರೆ. ಗೆರೆಯನ್ನು ತಪ್ಪಾಗಿ ಓದಿದರೆ ವಾಹನವು ತಪ್ಪು ಬಾಗಿಲಿಗೆ ಹೋಗಿ ನಿಲ್ಲುವ ಸಂಭವವಿದೆ.

ಹಾಗೆಂದು ಇ.ಸಿ.ಜಿ. ಅನಾವಶ್ಯಕವೆಂದಲ್ಲ. ಎದೆನೋವು, ಮೂರ್ಛೆ, ತೀರ ನಿಧಾನವಾದ ನಾಡಿ ಇವುಗಳಿದ್ದಲ್ಲಿ ಸಿಬ್ಬಂದಿ ಅದನ್ನು ತೆಗೆಯಲೇಬೇಕಾಗುತ್ತದೆ. ಉಳಿದವರ ಮುಖ, ತೋಳು, ಮಾತುಗಳನ್ನು ಪರೀಕ್ಷಿಸಿ, ತೊಂದರೆ ಆರಂಭವಾದ ಹೊತ್ತನ್ನು ಮನೆಯವರಿಂದ ಕೇಳಿ ಬರೆದುಕೊಂಡು, ಆಸ್ಪತ್ರೆಗೆ ಮುನ್ಸೂಚನೆ ಕೊಟ್ಟು ಹೊರಡುವುದೇ ಸರಿಯಾದ ಕ್ರಮ. ಲಯಭಂಗವು ಬಂದು ಹೋಗುವ ಸ್ವಭಾವದ್ದಾದುದರಿಂದ ಒಂದು ತುಣುಕು ಕಾಗದದಲ್ಲಿ ಅದು ಕಾಣದೆ ಹೋಗಬಹುದು. ಅದನ್ನು ಹಿಡಿಯಲು ಆಸ್ಪತ್ರೆಯ ವೈದ್ಯರು ರೋಗಿಯ ಮಿಡಿತವನ್ನು ಹಗಲಿರುಳೂ, ಕೆಲವೊಮ್ಮೆ ಹಲವು ದಿನಗಳವರೆಗೆ, ಗಮನಿಸುತ್ತಿರುತ್ತಾರೆ.