ಉಣುಗು ಕಚ್ಚಿದ ದಿನವೇ ಹುಡುಕಿ ತೆಗೆಯಿರಿ

ಉಣುಗು, ಅಂದ್ರೆ ಟಿಕ್, ಮಲೆನಾಡಿನವರಿಗೆ ನೆನಪಿಸೋದು ಮಂಗನ ಕಾಯಿಲೆಯನ್ನ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ವೈರಸ್ ಅದು. ವರ್ಜೀನಿಯಾದ ಹರ್ನ್‌ಡನ್ ಸುತ್ತಮುತ್ತ ಉಣುಗಿನಿಂದ ಬರುವುದು ಬೇರೆ ಕಾಯಿಲೆ, ಲೈಮ್. ಇದಕ್ಕೆ ಕಾರಣ ಬೊರೇಲಿಯಾ ಅನ್ನೋ ಬ್ಯಾಕ್ಟೀರಿಯಾ.

ಮೇಯಿಂದ ಜುಲೈವರೆಗೆ ಹೆಚ್ಚು ಎಚ್ಚರ ಬೇಕು. ಆಗ ಕಚ್ಚೋದು ಹೆಚ್ಚಾಗಿ ಮರಿ ಉಣುಗು. ಗಸಗಸೆ ಕಾಳಿನಷ್ಟು, ನೋವೂ ಗೊತ್ತಾಗಲ್ಲ.

ಆದರೆ ಸಮಾಧಾನದ ಸಂಗತಿ ಒಂದಿದೆ. ಬೊರೇಲಿಯಾ ಇರೋದು ಉಣುಗಿನ ಕರುಳಿನಲ್ಲಿ. ಉಣುಗು ರಕ್ತ ಹೀರೋಕೆ ಶುರುಮಾಡಿದ ಮೇಲೆ ಅದು ಜೊಲ್ಲುಗ್ರಂಥಿಗೆ ಬಂದು, ಅಲ್ಲಿಂದ ನಮ್ಮ ಮೈ ಸೇರಬೇಕು. ಇದಕ್ಕೆ ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಹಿಡಿಯುತ್ತೆ. ಅದೇ ದಿನ ಕಿತ್ತರೆ ಅಪಾಯ ಬಹಳ ಕಡಿಮೆ.

ಹಾಗಾಗಿ ಹಿತ್ತಲಲ್ಲಿ, ಟ್ರೇಲ್‌ನಲ್ಲಿ ಓಡಾಡಿ ಬಂದ ದಿನ ಕಂಕುಳು, ಸೊಂಟ, ಮಂಡಿಯ ಹಿಂಭಾಗ, ಮಕ್ಕಳ ಕಿವಿ, ತಲೆಗೂದಲು ಎಲ್ಲ ನೋಡಿ. ತೊಟ್ಟ ಬಟ್ಟೆಯನ್ನು ಒಗೆಯೋ ಮುಂಚೆಯೇ ಡ್ರೈಯರ್‌ನಲ್ಲಿ ಜೋರು ಬಿಸಿಗೆ 10 ನಿಮಿಷ ಹಾಕಿ; ಉಣುಗು ಒಣಗಿ ಸಾಯುತ್ತೆ.

ಕಚ್ಚಿಕೊಂಡಿದ್ದರೆ ಚೂಪು ತುದಿಯ ಟ್ವೀಜರ್‌ನಿಂದ ಚರ್ಮದ ಹತ್ತಿರವೇ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಕೆರಳಿದ ಉಣುಗು ಇನ್ನಷ್ಟು ಜೊಲ್ಲು ಒಳಗೆ ಬಿಡಬಹುದು.

ಕಚ್ಚಿದ ತಾರೀಖು ಬರೆದಿಡಿ. 3ರಿಂದ 30 ದಿನದೊಳಗೆ ಹರಡುವ ಕಲೆ, ಜ್ವರ, ಸುಸ್ತು ಕಂಡರೆ ಡಾಕ್ಟರ್ ಹತ್ತಿರ ಹೋಗಿ. ನಮ್ಮ ಕಂದು ಚರ್ಮದಲ್ಲಿ ಕಲೆಯ ಕೆಂಪು ಎದ್ದು ಕಾಣದಿರಬಹುದು, ಅದಕ್ಕೇ ತಾರೀಖನ್ನೂ ಹೇಳಿ. ಬೇಗ ಆಂಟಿಬಯಾಟಿಕ್ ಶುರುಮಾಡಿದರೆ ಹೆಚ್ಚಿನವರು ಪೂರ್ತಿ ಗುಣವಾಗ್ತಾರೆ.